ಶಾರ್ಟ್ ಸೇಲ್: ಬ್ಯಾಂಕಿನ ಜೊತೆಗೂ ಅದರ ಬೆನ್ನ ಹಿಂದಿನ ಇನ್ಶೂರೆನ್ಸ್ ಕಂಪನಿಯ ಜೊತೆಗೂ ಚೌಕಾಸಿ ಮಾಡುವುದು ಹೇಗೆ

2011ರಲ್ಲಿ ಅರಿಝೋನಾದ ಚಾಂಡ್ಲರ್‌ನಲ್ಲಿದ್ದ ನಮ್ಮ ಮನೆಯನ್ನು ಶಾರ್ಟ್ ಸೇಲ್‌ನಲ್ಲಿ, ಅಂದರೆ ಬ್ಯಾಂಕನ್ನು ಒಪ್ಪಿಸಿ ಸಾಲದ ಬಾಕಿಗಿಂತ ಕಡಿಮೆ ಬೆಲೆಗೆ, ಮಾರಿದೆವು. 2006ರಲ್ಲಿ, ಬೆಲೆ ನೆತ್ತಿಗೇರಿದ್ದಾಗ, ಬೆಲೆಯ ಹತ್ತು ಪರ್ಸೆಂಟ್ ಮಾತ್ರ ಮುಂಗಡ (ಡೌನ್) ಕಟ್ಟಿ ಕೊಂಡಿದ್ದ ಮನೆ ಅದು. ಕೊಳ್ಳುವವರು ಸಿಕ್ಕರು. ನಾಲ್ಕು ತಿಂಗಳು ಕಾಯಿಸಿ ಬ್ಯಾಂಕು ಸರಿ ಅಂದಿತು. ಮನೆಯಲ್ಲಿ ಪಾಯಸವೂ ಆಯಿತು. ಮಾರನೆಯ ವಾರ ಫೋನ್: ಮಾರ್ಟ್‌ಗೇಜ್ ಇನ್ಶೂರೆನ್ಸ್ ಕಂಪನಿಯವರು (ಸಾಲ ಮುಳುಗಿದರೆ ಸಾಲ ಕೊಟ್ಟವರ ನಷ್ಟ ತುಂಬಿಕೊಡುವವರು) ಇನ್ನೂ ಒಪ್ಪಿಲ್ಲ, ನೀವು 24,000 ಡಾಲರ್‌ಗೆ ಪ್ರಾಮಿಸರಿ ನೋಟ್ (ಸಾಲಪತ್ರ) ಬರೆದುಕೊಟ್ಟರೆ ಮಾತ್ರ ಒಪ್ಪುತ್ತಾರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಆ ಕಂಪನಿಗೆ ಐದು ವರ್ಷ ತಿಂಗಳು ತಿಂಗಳು ಪ್ರೀಮಿಯಂ ಕಟ್ಟಿದವನು ನಾನೇ. ಆದರೆ ಮನೆ ಮಾರುವಾಗ ಅವರಿಗೂ ಮಾತಿದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ 3,500 ಡಾಲರ್ ನಗದು ಕೊಟ್ಟು ಮುಗಿಸಿದೆ. ನೋಟಿಗೆ ಸಹಿ ಹಾಕಲಿಲ್ಲ. ಹೇಗೆ ಅಂತ ಈಗ ಬರೆಯುತ್ತಿದ್ದೇನೆ. 2022ರಲ್ಲಿ ಆಸ್ಟಿನ್ ಕಡೆ ದುಬಾರಿ ಬೆಲೆಗೆ ಮನೆ ಕೊಂಡು ಆಮೇಲೆ ಕೆಲಸ ಕಳೆದುಕೊಂಡ ಕನ್ನಡದ ಹುಡುಗರು ಆಗಾಗ ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. ನಾನು ವಕೀಲ ಅಲ್ಲ. ನಿಮ್ಮ ರಾಜ್ಯದ ರಿಯಲ್ ಎಸ್ಟೇಟ್ ವಕೀಲರಿಗೆ ಒಂದೆರಡು ಗಂಟೆಯ ಫೀಸ್ ಕೊಡುವುದು ಈ ವ್ಯವಹಾರದಲ್ಲಿ ದಂಡದ ಖರ್ಚಲ್ಲ.

ಯಾರ ದುಡ್ಡು ಹೋಗುತ್ತಿದೆ ಅಂತ ಮೊದಲು ನೋಡಿ

ಸಾಲದ ಬಾಕಿಗಿಂತ ಕಡಿಮೆ ಬೆಲೆಗೆ ಮನೆ ಮಾರಿ, ಬಂದಷ್ಟು ಹಣ ತೆಗೆದುಕೊಂಡು ಮನೆಯ ಮೇಲಿನ ಹಕ್ಕು ಬಿಟ್ಟುಬಿಡಿ ಎಂದು ಸಾಲ ಕೊಟ್ಟವರನ್ನು ಒಪ್ಪಿಸುವುದೇ ಶಾರ್ಟ್ ಸೇಲ್. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಎದುರಿಗೆ 'ಬ್ಯಾಂಕು' ಅನ್ನುವ ಒಬ್ಬ ಆಸಾಮಿ ಕೂತಿದ್ದಾನೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಅಲ್ಲಿ ಮೂರು ನಾಲ್ಕು ಜನ ಇರುತ್ತಾರೆ, ಒಬ್ಬೊಬ್ಬರ ಜೇಬೂ ಬೇರೆ.

ನೀವು ಕಂತು ಕಟ್ಟುವ ಕಂಪನಿ ಸರ್ವಿಸರ್. ಅದು ಹೆಚ್ಚಿನ ಸಲ ಬರೀ ವಸೂಲಿ ಗುಮಾಸ್ತ. ಸಾಲದ ನಿಜವಾದ ಒಡೆಯನನ್ನು ಇನ್ವೆಸ್ಟರ್ ಅನ್ನುತ್ತಾರೆ. ಅದು ಫ್ಯಾನಿ ಮೇ ಇರಬಹುದು, ಫ್ರೆಡ್ಡಿ ಮ್ಯಾಕ್ ಇರಬಹುದು (ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಎರಡು ದೊಡ್ಡ ಸಂಸ್ಥೆಗಳು ಇವು), ಯಾವುದೋ ಖಾಸಗಿ ಟ್ರಸ್ಟ್ ಇರಬಹುದು. ಮನೆ ಕೊಳ್ಳುವಾಗ 20 ಪರ್ಸೆಂಟ್‌ಗಿಂತ ಕಡಿಮೆ ಡೌನ್ ಕಟ್ಟಿದ್ದರೆ ಇನ್ವೆಸ್ಟರ್‌ನ ಹಿಂದೆ ಸಾಮಾನ್ಯವಾಗಿ ಮಾರ್ಟ್‌ಗೇಜ್ ಇನ್ಶೂರೆನ್ಸ್ ಕಂಪನಿ ಇರುತ್ತದೆ: ಎಂಜಿಐಸಿ, ರೇಡಿಯನ್, ಎಸೆಂಟ್, ಎನ್ಯಾಕ್ಟ್, ಆರ್ಚ್, ನ್ಯಾಷನಲ್ ಎಂಐ, ಇವುಗಳಲ್ಲಿ ಒಂದು. ಇದರ ಮೇಲೆ ಎರಡನೇ ಸಾಲ ಇದ್ದರೆ ಅದರವರು, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬಾಕಿ ಇದ್ದರೆ ಅವರು.

ಇದನ್ನೆಲ್ಲ ಪತ್ತೆ ಮಾಡುವುದು ಕಷ್ಟವಲ್ಲ. ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎರಡರ ವೆಬ್‌ಸೈಟಿನಲ್ಲೂ ನಿಮ್ಮ ಸಾಲ ಅವರ ಕೈಯಲ್ಲಿದೆಯೇ ಎಂದು ನೋಡುವ ವ್ಯವಸ್ಥೆ ಇದೆ, ಎರಡು ನಿಮಿಷದ ಕೆಲಸ. ಅಲ್ಲಿ ಸಿಗದಿದ್ದರೆ ಸರ್ವಿಸರ್‌ಗೆ ಕಾಗದ ಬರೆದು ಸಾಲದ ಒಡೆಯ ಯಾರು ಅಂತ ಕೇಳಿ. ಫೆಡರಲ್ ನಿಯಮದ ಪ್ರಕಾರ ಹತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಫೋನಿನಲ್ಲಿ ಕೇಳಿದರೆ ಆ ಗಡುವು ಲೆಕ್ಕಕ್ಕಿಲ್ಲ, ಕಾಗದವೇ ಬೇಕು.

ಇನ್ಶೂರೆನ್ಸ್ ವಿಷಯವನ್ನು ಬೇರೆಯಾಗಿ ಕೇಳಿ. "ನನ್ನ ಸ್ಟೇಟ್‌ಮೆಂಟಿನಲ್ಲಿ ಪಿಎಂಐ (ಖಾಸಗಿ ಮಾರ್ಟ್‌ಗೇಜ್ ಇನ್ಶೂರೆನ್ಸ್) ಅನ್ನುವ ನಮೂದೇ ಇಲ್ಲ, ಹಾಗಾಗಿ ಇನ್ಶೂರೆನ್ಸ್ ಇಲ್ಲ" ಎಂದು ನಿಶ್ಚಿಂತೆಯಿಂದ ಇರಬೇಡಿ. ಪ್ರೀಮಿಯಂ ಅನ್ನು ಸಾಲ ಕೊಟ್ಟವರೇ ಕಟ್ಟಿ, ಅದನ್ನು ನಿಮ್ಮ ಬಡ್ಡಿಯಲ್ಲಿ ಸೇರಿಸಿರುವ ಬಗೆಯೂ ಇದೆ. ನೂರಾರು ಸಾಲಗಳನ್ನು ಒಟ್ಟಿಗೆ ಕಟ್ಟಿ ತೆಗೆದುಕೊಂಡ ಪೂಲ್ ಇನ್ಶೂರೆನ್ಸ್ ಕೂಡ ಇರುತ್ತದೆ. ಎರಡೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಸರ್ವಿಸರ್‌ಗೆ ಮೂರೇ ಪ್ರಶ್ನೆ ಹಾಕಿ. ಈ ಸಾಲದ ಮೇಲೆ ಯಾವುದಾದರೂ ಮಾರ್ಟ್‌ಗೇಜ್ ಇನ್ಶೂರೆನ್ಸ್ ಇದೆಯೇ? ಕಂಪನಿ ಯಾವುದು, ಸರ್ಟಿಫಿಕೇಟ್ ನಂಬರ್ ಏನು? ಶಾರ್ಟ್ ಸೇಲ್ ಒಪ್ಪುವ ಅಧಿಕಾರ ನಿಮಗೇ ಕೊಟ್ಟಿದ್ದಾರೆಯೇ, ಇಲ್ಲ ಪ್ರತಿ ಫೈಲನ್ನೂ ಅವರಿಗೆ ಕಳಿಸಬೇಕೇ?

ಮೂರನೆಯದಕ್ಕೆ ಬರುವ ಉತ್ತರದ ಮೇಲೆ ನಿಮ್ಮ ಮುಂದಿನ ತಿಂಗಳುಗಳು ನಿಂತಿವೆ. ಫ್ಯಾನಿ, ಫ್ರೆಡ್ಡಿ ಸಾಲಗಳಿಗೆ 2012ರ ನವೆಂಬರ್‌ನಿಂದ ಒಂದೇ ಥರದ ಶಾರ್ಟ್ ಸೇಲ್ ನಿಯಮಗಳು ಬಂದವು. ಆ ನಿಯಮದೊಳಗೆ ಬರುವ ಫೈಲುಗಳನ್ನು ಇನ್ಶೂರೆನ್ಸ್ ಕಂಪನಿಯ ಪರವಾಗಿ ಸರ್ವಿಸರ್ ತಾನೇ ಒಪ್ಪಿಬಿಡುವ ಅಧಿಕಾರ ಅಲ್ಲಿಂದ ಜಾಸ್ತಿಯಾಯಿತು. ನಿಯಮದ ಹೊರಗಿನ ಫೈಲು ಅಥವಾ ಖಾಸಗಿ ಟ್ರಸ್ಟಿನ ಸಾಲವಾದರೆ ಅದು ಇನ್ಶೂರೆನ್ಸ್ ಕಂಪನಿಯ ಮೇಜಿಗೂ ಹೋಗುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಎಫ್‌ಎಚ್‌ಎ (ಸರ್ಕಾರದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್) ಸಾಲದ ಕಥೆ ಬೇರೆ. ಅಲ್ಲಿ ಇನ್ಶೂರೆನ್ಸ್ ಕೊಡುವುದು ಸರ್ಕಾರವೇ. ಅಲ್ಲಿ ಶಾರ್ಟ್ ಸೇಲನ್ನು ಪ್ರೀ-ಫೋರ್‌ಕ್ಲೋಷರ್ ಸೇಲ್ ಅನ್ನುತ್ತಾರೆ (ಫೋರ್‌ಕ್ಲೋಷರ್ ಅಂದರೆ ಸಾಲ ಕಟ್ಟದವರ ಮನೆಯನ್ನು ಹರಾಜು ಹಾಕಿಸುವುದು), ಚೌಕಾಸಿಗೆ ಹೆಚ್ಚು ಜಾಗವಿಲ್ಲ. ಮಾರಾಟಕ್ಕೆ ಇಟ್ಟ ಮೊದಲ 30 ದಿನ ಅಪ್ರೈಸಲ್ (ತಜ್ಞರು ಕಟ್ಟಿದ) ಬೆಲೆಯ 88 ಪರ್ಸೆಂಟ್, ಮುಂದಿನ 30 ದಿನ 86, ಆಮೇಲೆ 84 ಪರ್ಸೆಂಟ್ ಖರ್ಚು ಕಳೆದು ಕೈಗೆ ಬರಬೇಕು. ಬಂದರೆ ಆಯಿತು. ಉಳಿದ ಬಾಕಿಗೆ ಅವರು ನಿಮ್ಮ ಬೆನ್ನು ಹತ್ತುವುದಿಲ್ಲ. ಹಾಗಾಗಿ ಎಫ್‌ಎಚ್‌ಎ ಇದ್ದವರು ಮುಂದಿನದರಲ್ಲಿ ಅರ್ಧ ಬಿಟ್ಟು ಓದಬಹುದು.

ಕಾಗದ ಪತ್ರ

ಬೇಸರದ ಕೆಲಸ, ಆದರೆ ಹೆಚ್ಚಿನ ಫೈಲುಗಳು ಸಾಯುವುದು ಇಲ್ಲೇ. ಸರ್ವಿಸರ್‌ನ ಅರ್ಜಿ, ಎರಡು ವರ್ಷದ ಟ್ಯಾಕ್ಸ್ ರಿಟರ್ನ್, ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ), ಈಚಿನ ಪೇ ಸ್ಟಬ್‌ಗಳು, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಎಲ್ಲ ಪುಟಗಳು (ಖಾಲಿ ಇರುವ ಕೊನೆಯ ಪುಟ ಬಿಟ್ಟರೂ ವಾಪಸ್ ಬರುತ್ತದೆ, ತಮಾಷೆ ಅಲ್ಲ), ಹಾರ್ಡ್‌ಶಿಪ್ ಲೆಟರ್ (ನಿಮ್ಮ ಕಷ್ಟ ವಿವರಿಸುವ ಪತ್ರ), ನಿಮ್ಮ ಏಜೆಂಟ್ ಮತ್ತು ವಕೀಲರ ಜೊತೆ ಮಾತಾಡಲು ಅನುಮತಿ ಪತ್ರ, ಲಿಸ್ಟಿಂಗ್ ಒಪ್ಪಂದ, ಆಮೇಲೆ ಖರೀದಿ ಕರಾರು ಮತ್ತು ಕೊಳ್ಳುವವರ ಸಾಲದ ಮಂಜೂರಿ. ಅನುಮತಿ ಪತ್ರದಲ್ಲಿ ಇನ್ಶೂರೆನ್ಸ್ ಕಂಪನಿಯ ಹೆಸರನ್ನೂ ಸೇರಿಸಿ. ಇಲ್ಲದಿದ್ದರೆ ಆ ಕಂಪನಿ ನಿಮ್ಮ ಏಜೆಂಟ್ ಜೊತೆ ಮಾತೇ ಆಡುವುದಿಲ್ಲ.

ಹಾರ್ಡ್‌ಶಿಪ್ ಲೆಟರ್ ಒಂದು ಪುಟ ಸಾಕು. ಕಣ್ಣೀರು ಬೇಡ, ತಾರೀಖು ಬೇಕು. ಯಾವತ್ತು ಕೆಲಸ ಹೋಯಿತು, ಆದಾಯ ಎಷ್ಟಿತ್ತು ಎಷ್ಟಾಯಿತು, ಯಾಕೆ ಇದು ಸರಿಹೋಗುವುದಿಲ್ಲ, ಮನೆ ಯಾಕೆ ಉಳಿಸಿಕೊಳ್ಳಲು ಆಗುವುದಿಲ್ಲ. ಎಚ್-1ಬಿಯಲ್ಲಿದ್ದು ಕೆಲಸ ಹೋಗಿದ್ದರೆ ಹೊಸ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ಇರುವ 60 ದಿನದ ಗಡುವಿನ ವಿಷಯವನ್ನು ಖಂಡಿತ ಬರೆಯಿರಿ. ಫೈಲ್ ಓದುವವರಿಗೆ ಅದು ಗೊತ್ತಿರುವುದಿಲ್ಲ.

ಇನ್ನೊಂದು ಮಾತು, ನಮ್ಮವರಿಗೇ. ಊರಿನಲ್ಲಿರುವ ಎನ್‌ಆರ್‌ಇ ಎಫ್‌ಡಿ, ಬೆಂಗಳೂರಿನ ಫ್ಲಾಟು, ತುಮಕೂರಿನ ಸೈಟು ಇವನ್ನು ಬರೆಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಅರ್ಜಿಯಲ್ಲಿ ಆಸ್ತಿ ಕೇಳಿದ್ದಾರೆ ಅಂದರೆ ಅದಕ್ಕೆ ಅಮೆರಿಕದ ಗಡಿ ಇಲ್ಲ. ಸುಳ್ಳು ಬರೆದು ಸಹಿ ಹಾಕಿದರೆ ಅದು ಮಾರ್ಟ್‌ಗೇಜ್ ಫ್ರಾಡ್, ಫೆಡರಲ್ ಅಪರಾಧ. ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್‌ನಲ್ಲಿ (ವಿದೇಶಿ ಖಾತೆಗಳ ವರದಿಯಲ್ಲಿ) ನೀವೇ ತೋರಿಸಿರುತ್ತೀರಿ ಬೇರೆ. ಬರೆಯಿರಿ, ಜೊತೆಗೆ ಅದು ಯಾಕೆ ಸುಲಭಕ್ಕೆ ಕೈಗೆ ಬರುವ ಹಣ ಅಲ್ಲ ಅನ್ನುವುದನ್ನೂ ಬರೆಯಿರಿ: ಅಪ್ಪ ಅಮ್ಮ ಆ ಮನೆಯಲ್ಲೇ ಇದ್ದಾರೆ, ಆಸ್ತಿ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದೆ, ಹೀಗೆ.

ಗಡಿಯಾರದ ಮೇಲೆ ಒಂದು ಕಣ್ಣಿಡಿ. 2014ರ ಜನವರಿಯಿಂದ ಜಾರಿಯಲ್ಲಿರುವ ಫೆಡರಲ್ ನಿಯಮದ ಪ್ರಕಾರ, ಕಂತು 120 ದಿನಕ್ಕಿಂತ ಹೆಚ್ಚು ಬಾಕಿ ಬೀಳುವವರೆಗೆ ಸಾಮಾನ್ಯವಾಗಿ ಫೋರ್‌ಕ್ಲೋಷರ್ ಶುರು ಮಾಡುವಂತಿಲ್ಲ. ಹರಾಜಿನ ದಿನಕ್ಕೆ 37 ದಿನಕ್ಕಿಂತ ಮುಂಚೆ ಪೂರ್ತಿ ಅರ್ಜಿ ಅವರ ಕೈ ಸೇರಿದ್ದರೆ 30 ದಿನದಲ್ಲಿ ತೀರ್ಮಾನ ಹೇಳಬೇಕು, ಅಲ್ಲಿಯವರೆಗೆ ಹರಾಜು ಹಾಕುವಂತಿಲ್ಲ. 'ಪೂರ್ತಿ' ಅನ್ನುವ ಪದದಲ್ಲೇ ಎಲ್ಲ ಅಡಗಿದೆ. ಒಂದು ಪುಟ ಕಡಿಮೆಯಾದರೂ ನಿಮಗೆ ಈ ರಕ್ಷಣೆ ಇಲ್ಲ. ಅರ್ಜಿ ಪೂರ್ತಿಯಾಗಿದೆ ಅಂತ ಬರವಣಿಗೆಯಲ್ಲಿ ಹೇಳಿಸಿಕೊಳ್ಳಿ.

ಬೆಲೆ, ಮತ್ತು ಬೆಲೆಗಿಂತ ದೊಡ್ಡದಾದ ನೆಟ್

ಆಫರ್ ಬಂದ ಮೇಲೆ ಸರ್ವಿಸರ್ ಒಬ್ಬ ಏಜೆಂಟನ್ನೋ ಅಪ್ರೈಸರನ್ನೋ ಕಳಿಸಿ ಮನೆಗೆ ಬೆಲೆ ಕಟ್ಟಿಸುತ್ತಾರೆ. ಏಜೆಂಟ್ ಕಟ್ಟುವ ಬೆಲೆಗೆ ಬಿಪಿಒ ಎಂದು ಹೆಸರು. ಅವರು ಬಂದಾಗ ಬೀಗದ ಕೈ ಕೊಟ್ಟು ಸುಮ್ನೆ ಇರಬೇಡಿ. ನಿಮ್ಮ ಏಜೆಂಟ್ ಅಲ್ಲೇ ನಿಂತಿರಬೇಕು. ಹತ್ತಿರದಲ್ಲಿ ಈಚೆಗೆ ಮಾರಿದ ಮನೆಗಳ ಪಟ್ಟಿ, ಛಾವಣಿ ಅಥವಾ ಎಸಿ ರಿಪೇರಿಗೆ ಕಂಟ್ರಾಕ್ಟರ್ ಬರೆದುಕೊಟ್ಟ ಅಂದಾಜು, ಫೋಟೋಗಳು, ಎಲ್ಲವನ್ನೂ ಕೈಗೆ ಕೊಡಬೇಕು. ಹೊರಗಿಂದ ಕಾರಿನಲ್ಲೇ ಕೂತು ನೋಡಿ ಬರೆದ ಬಿಪಿಒ ಆಗಿದ್ದರೆ ಒಳಗೆ ನೋಡಿ ಬರೆಯಿರಿ ಎಂದು ಆಗಲೇ ಕೇಳಿ. ಒಮ್ಮೆ ತಪ್ಪು ಬೆಲೆ ಸಿಸ್ಟಮ್‌ಗೆ ಹೋದರೆ ತೆಗೆಸುವುದು ಹಲ್ಲು ಕೀಳಿಸಿದ ಹಾಗೆ.

ಆದರೆ ಅವರು ಕೊನೆಗೆ ನೋಡುವುದು ಮಾರಾಟದ ಬೆಲೆಯನ್ನಲ್ಲ. ಕಮಿಷನ್, ಟೈಟಲ್ (ಮನೆಯ ಹಕ್ಕು ಪರಿಶೀಲನೆಯ) ಖರ್ಚು, ಬಾಕಿ ತೆರಿಗೆ, ಎಚ್‌ಒಎ, ಕೊಳ್ಳುವವರಿಗೆ ಕೊಡುವ ರಿಯಾಯಿತಿ, ಎಲ್ಲ ಕಳೆದು ಉಳಿಯುವ ನೆಟ್ ನೋಡುತ್ತಾರೆ. 3,25,000ಕ್ಕೆ ಒಪ್ಪಿ 12,000 ವಾಪಸ್ ಕೇಳುವ ಆಫರ್‌ಗಿಂತ, ಏನೂ ಕೇಳದ 3,18,000ದ ಆಫರ್ ಅವರಿಗೆ ಲಾಭ. ಹಾಗಾಗಿ ಆಫರ್ ಕಳಿಸುವಾಗ ಟೈಟಲ್ ಕಂಪನಿಯಿಂದ ಅಂದಾಜು ನೆಟ್ ಶೀಟ್ ಮಾಡಿಸಿ ಮೇಲೆಯೇ ಇಡಿ. ಮರೆತ ಖರ್ಚು ಆಮೇಲೆ ಎದ್ದು ಬಂದರೆ ಅದನ್ನು ನೀವೇ ಕಟ್ಟಬೇಕಾಗುತ್ತದೆ, ಇಲ್ಲದಿದ್ದರೆ ಫೈಲು ಮತ್ತೆ ಮೊದಲಿನಿಂದ.

ಇನ್ಶೂರೆನ್ಸ್ ಕಂಪನಿಯ ತಲೆಯೊಳಗಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಕೈಯಲ್ಲಿ ಪೆನ್ನು ಇದ್ದರೆ ಇನ್ನೂ ಒಳ್ಳೆಯದು.

ಈ ಇನ್ಶೂರೆನ್ಸ್ ನಿಮ್ಮನ್ನು ಕಾಪಾಡುವುದಿಲ್ಲ, ಸಾಲ ಕೊಟ್ಟವರನ್ನು ಕಾಪಾಡುತ್ತದೆ. ಹತ್ತು ಪರ್ಸೆಂಟ್ ಡೌನ್ ಕಟ್ಟಿದ ಸಾಲಕ್ಕೆ ಸಾಮಾನ್ಯವಾಗಿ 25 ಪರ್ಸೆಂಟ್ ಕವರೇಜ್, ಐದು ಪರ್ಸೆಂಟ್ ಕಟ್ಟಿದ್ದಕ್ಕೆ 30 ಇರುತ್ತದೆ. ಅಸಲು, ಬಾಕಿ ಬಡ್ಡಿ, ಒಪ್ಪಿದ ಖರ್ಚು ಸೇರಿಸಿದರೆ ಕ್ಲೇಮ್ ಮೊತ್ತ. ಶಾರ್ಟ್ ಸೇಲ್ ಆದಾಗ ಕಂಪನಿ ಎರಡು ಅಂಕಿ ನೋಡುತ್ತದೆ: ನಿಜವಾದ ನಷ್ಟ ಎಷ್ಟು, ಕವರೇಜ್ ಪ್ರಕಾರ ಗರಿಷ್ಠ ಎಷ್ಟು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೊಡುತ್ತದೆ.

ಒಂದು ಲೆಕ್ಕ ಹಾಕೋಣ. ಅಸಲು 3,60,000, ಬಡ್ಡಿ ಮತ್ತು ಖರ್ಚು 20,000. ಕ್ಲೇಮ್ 3,80,000. ಕವರೇಜ್ 25 ಪರ್ಸೆಂಟ್ ಅಂದರೆ ಗರಿಷ್ಠ 95,000.

ಮೊದಲ ಆಫರಿನಲ್ಲಿ ನೆಟ್ 2,95,000 ಅಂದುಕೊಳ್ಳಿ. ನಷ್ಟ 85,000. ಅದು 95,000ದ ಒಳಗೇ ಇದೆ, ಪೂರ್ತಿ ಇನ್ಶೂರೆನ್ಸ್ ಕಂಪನಿ ಕೊಡುತ್ತದೆ. ಇನ್ವೆಸ್ಟರ್‌ನ ನಷ್ಟ ಸೊನ್ನೆ! ಸರ್ವಿಸರ್ ಯಾಕೆ ಅಷ್ಟು ಬೇಗ ಸರಿ ಅಂದರು ಅಂತ ಈಗ ಗೊತ್ತಾಯಿತಲ್ವಾ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಇಂಥ ಫೈಲಿನಲ್ಲಿ ಪ್ರತಿ ಡಾಲರೂ ಇನ್ಶೂರೆನ್ಸ್ ಕಂಪನಿಯದೇ. ಅದಕ್ಕೇ ಅವರು ಬೆಲೆ ಏರಿಸಿ ಅಂತಾರೆ, ನಿಮ್ಮ ಹತ್ತಿರ ದುಡ್ಡು ಕೇಳುತ್ತಾರೆ. ನನಗೆ ಆಗಿದ್ದೂ ಇದೇ.

ಎರಡನೇ ಆಫರಿನಲ್ಲಿ ನೆಟ್ 2,67,000. ನಷ್ಟ 1,13,000. ಇನ್ಶೂರೆನ್ಸ್ ಕಂಪನಿ 95,000 ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಮಿಕ್ಕ 18,000 ಇನ್ವೆಸ್ಟರ್ ತಲೆಗೆ. ಇಲ್ಲಿ ಬೆಲೆಯನ್ನು ಇನ್ನು ಐದು ಸಾವಿರ ಏರಿಸಿದರೆ ಲಾಭ ಇನ್ವೆಸ್ಟರ್‌ಗೆ ಹೋಗುತ್ತದೆ, ಇನ್ಶೂರೆನ್ಸ್ ಕಂಪನಿಗೆ ನಯಾಪೈಸೆ ಇಲ್ಲ. ಹಾಗಾಗಿ "ಬೆಲೆ ಜಾಸ್ತಿ ಮಾಡಿ" ಅನ್ನುವ ಉತ್ತರ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದನ್ನು ಕೇಳುತ್ತಿರುವುದು ಯಾರು?

ಈಗ ಶಾರ್ಟ್ ಸೇಲ್ ಮುರಿದುಬಿದ್ದು ಫೋರ್‌ಕ್ಲೋಷರ್ ಆಯಿತು ಅನ್ನಿ. ಇನ್ನೂ ಹಲವು ತಿಂಗಳ ಬಡ್ಡಿ, ವಕೀಲರ ಫೀಸ್, ತೆರಿಗೆ, ಖಾಲಿ ಮನೆಯ ಕಾವಲು. ಕ್ಲೇಮ್ 25,000 ಬೆಳೆದು 4,05,000 ಆದರೆ ಗರಿಷ್ಠ 1,01,250 ಆಗುತ್ತದೆ. ಬ್ಯಾಂಕು ಆ ಮನೆಯನ್ನು ಮಾರಿ ನೆಟ್ 2,50,000 ಪಡೆದರೂ ಇನ್ಶೂರೆನ್ಸ್ ಕಂಪನಿ ಪೂರ್ತಿ 1,01,250 ಕೊಡಬೇಕು. ಮೊದಲ ಆಫರ್ ಒಪ್ಪಿದ್ದರೆ 16,250 ಉಳಿಯುತ್ತಿತ್ತು. ಎರಡನೆಯದಕ್ಕೆ ಒಪ್ಪಿದ್ದರೆ 6,250. ನಿಮ್ಮ ಚೌಕಾಸಿಯ ಬಂಡವಾಳ ಇದೇ. ಈ ನಾಲ್ಕು ಸಾಲಿನ ಲೆಕ್ಕವನ್ನು ನಿಮ್ಮ ಅಂಕಿಗಳಲ್ಲಿ ಹಾಕಿ, ಅರ್ಧ ಪುಟದಲ್ಲಿ ಟೈಪ್ ಮಾಡಿ ಫೈಲಿಗೆ ಸೇರಿಸಿ. ಹಾರ್ಡ್‌ಶಿಪ್ ಲೆಟರ್ ಓದಿ ಅವರು ಅಯ್ಯೋ ಪಾಪ ಅಂದಾರು, ಆದರೆ ಸಹಿ ಹಾಕುವುದು ಈ ಅರ್ಧ ಪುಟ ನೋಡಿ.

ಕವರೇಜ್ ಎಷ್ಟು ಅಂತ ಸರ್ವಿಸರ್ ಹೇಳದಿದ್ದರೆ ಮನೆ ಕೊಂಡಾಗಿನ ಕ್ಲೋಸಿಂಗ್ (ವ್ಯವಹಾರ ಮುಗಿಸಿ ಸಹಿ ಹಾಕುವ ದಿನದ) ಕಾಗದಗಳ ಕಟ್ಟಿನಲ್ಲಿ ಹುಡುಕಿ. ನನಗೆ ಸಿಕ್ಕಿದ್ದು ಅಲ್ಲೇ, ಗ್ಯಾರೇಜಿನ ಡಬ್ಬದಲ್ಲಿ.

ದುಡ್ಡು ಕೇಳಿದಾಗ

ಇನ್ಶೂರೆನ್ಸ್ ಕಂಪನಿ ಕೇಳುವುದು ಎರಡು ಬಗೆ. ಕ್ಲೋಸಿಂಗ್ ದಿನ ನಗದು ಕೊಡಿ, ಇಲ್ಲವೇ ಇಂತಿಷ್ಟು ವರ್ಷ ತಿಂಗಳು ತಿಂಗಳು ಕಟ್ಟುವ ಪ್ರಾಮಿಸರಿ ನೋಟ್ ಬರೆದುಕೊಡಿ. ನೋಟಿಗೆ ಹೆಚ್ಚಾಗಿ ಬಡ್ಡಿ ಇರುವುದಿಲ್ಲ, ಅದರಿಂದಲೇ ಜನ ಸಹಿ ಹಾಕಿಬಿಡುತ್ತಾರೆ. ಮೊದಲು ಕೇಳಿದ ಅಂಕಿ ಸುಮ್ನೆ ಎಸೆದ ಕಲ್ಲು, ತಕ್ಷಣ ಹೂಂ ಅನ್ನಬೇಡಿ, ತಕ್ಷಣ ಊಹೂಂ ಅಂತಲೂ ಅನ್ನಬೇಡಿ. ಬರವಣಿಗೆಯಲ್ಲಿ ಕಳಿಸಿ ಅನ್ನಿ. ಯಾವ ಲೆಕ್ಕದ ಮೇಲೆ ಕೇಳುತ್ತಿದ್ದೀರಿ, ಈ ಹಣಕ್ಕೆ ಬದಲಾಗಿ ಏನು ಬಿಟ್ಟುಕೊಡುತ್ತೀರಿ ಅಂತ ಕೇಳಿ.

ಆಮೇಲೆ ನಿಮ್ಮ ರಾಜ್ಯದ ಕಾನೂನು ನೋಡಿ. ಇದು ರಾಜ್ಯದಿಂದ ರಾಜ್ಯಕ್ಕೆ ಹಗಲು ರಾತ್ರಿಯಷ್ಟು ಬೇರೆ.

ಕ್ಯಾಲಿಫೋರ್ನಿಯಾದಲ್ಲಿ 2011ರ ಜುಲೈನಿಂದ ಜಾರಿಯಾದ ಎಸ್‌ಬಿ 458 ಕಾನೂನು ಇದೆ. ಒಂದರಿಂದ ನಾಲ್ಕು ಮನೆಗಳಿರುವ ಆಸ್ತಿಯ ಶಾರ್ಟ್ ಸೇಲ್‌ಗೆ ಒಪ್ಪಿದ ಸಾಲದಾತ, ಮೊದಲನೆಯ ಸಾಲದವನಿರಲಿ ಎರಡನೆಯವನಿರಲಿ, ಉಳಿದ ಬಾಕಿಯನ್ನು ಕೇಳುವಂತಿಲ್ಲ. ಒಪ್ಪಿಗೆ ಕೊಡಲು ಮಾರುವವನ ಜೇಬಿನಿಂದ ಬೇರೆ ದುಡ್ಡು ಕೊಡಬೇಕು ಎಂದು ಷರತ್ತು ಹಾಕುವಂತೆಯೂ ಇಲ್ಲ. ಫ್ರೀಮಾಂಟ್, ಸನಿವೇಲ್ ಕಡೆಯವರು ಇದೊಂದನ್ನು ಹೇಳಿದರೆ ಅರ್ಧ ಜಗಳ ಮುಗಿಯಿತು.

ಅರಿಝೋನಾದಲ್ಲಿ ನನಗಿದ್ದ ಆಯುಧ ಬೇರೆ. ಎರಡೂವರೆ ಎಕರೆಯೊಳಗಿನ ಒಂದು ಅಥವಾ ಎರಡು ಕುಟುಂಬದ ವಾಸದ ಮನೆ ಟ್ರಸ್ಟೀ ಸೇಲ್‌ನಲ್ಲಿ (ಕೋರ್ಟಿಗೆ ಹೋಗದೆ ನಡೆಸುವ ಹರಾಜಿನಲ್ಲಿ) ಹರಾಜಾದರೆ ಉಳಿದ ಬಾಕಿಗೆ ದಾವೆ ಹಾಕುವಂತಿಲ್ಲ. ನಾನು ಬರೆದ ಕಾಗದದ ಸಾರ ಇಷ್ಟೇ: "ಹರಾಜಾಗಲು ಬಿಟ್ಟರೆ ನೀವು ನನ್ನಿಂದ ಒಂದು ಡಾಲರ್ ಕೂಡ ವಸೂಲಿ ಮಾಡಲು ಆಗುವುದಿಲ್ಲ. ಹಾಗಿರುವಾಗ 24,000ದ ಹೊಸ ಸಾಲಕ್ಕೆ ನಾನು ಯಾಕೆ ಸಹಿ ಹಾಕಲಿ? ಆದರೂ ನನ್ನ ಕ್ರೆಡಿಟ್ ಉಳಿಸಿಕೊಳ್ಳಬೇಕು, ನಿಮಗೂ ಖರ್ಚು ಉಳಿಯುತ್ತದೆ. ಪೂರ್ತಿ ಬಿಡುಗಡೆ ಕೊಟ್ಟರೆ ನಗದು 2,000 ಕೊಡುತ್ತೇನೆ." ಅವರು 8,000 ಅಂದರು. ಹೀಗೇ ಮೇಲೆ ಕೆಳಗೆ ಆಗಿ 3,500ಕ್ಕೆ ನಿಂತಿತು. ಆರು ವಾರ ಹಿಡಿಯಿತು. ಅಷ್ಟರಲ್ಲಿ ಕೊಳ್ಳುವವರು ಎರಡು ಸಲ ಓಡಿಹೋಗಲು ನೋಡಿದರು.

ಬಾಕಿ ವಸೂಲಿಗೆ ಕಾನೂನು ಅಡ್ಡ ಬರದ ರಾಜ್ಯಗಳಲ್ಲಿ ಈ ಮಾತು ನಡೆಯುವುದಿಲ್ಲ. ಟೆಕ್ಸಾಸ್, ನ್ಯೂ ಜೆರ್ಸಿ, ಇಲಿನಾಯ್‌ನವರು ಇದನ್ನು ನೆನಪಿಡಿ. ಅಲ್ಲಿ ಮಾತು ನಡೆಯುವುದು ಕೊಡುವ ಶಕ್ತಿಯ ಮೇಲೆ. ಕೆಲಸ ಇಲ್ಲ, ಉಳಿತಾಯ ಇಲ್ಲ, ನೀವು ನೋಟ್ ಬರೆಸಿಕೊಂಡರೂ ನಾಳೆ ಚಾಪ್ಟರ್ 7 ದಿವಾಳಿ ಅರ್ಜಿ ಹಾಕಬೇಕಾಗಬಹುದು, ಆಗ ಆ ನೋಟು ಬರೀ ಕಾಗದ, ಎಂದು ವಕೀಲರ ಬಾಯಲ್ಲಿ ಹೇಳಿಸಿದರೆ ತೂಕ ಬೇರೆ. ದಿವಾಳಿಯ ಮಾತನ್ನು ಬೆದರಿಕೆಯಾಗಿ ನೀವೇ ಆಡಬೇಡಿ, ಹಗುರವಾಗುತ್ತದೆ.

ನೋಟು ಮತ್ತು ನಗದು ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಯಾವಾಗಲೂ ಚಿಕ್ಕ ನಗದು ಅನ್ನುತ್ತೇನೆ. ನೋಟು ಹತ್ತು ವರ್ಷ ನಿಮ್ಮ ಹಿಂದೆ ಬರುತ್ತದೆ, ಊರಿಗೆ ವಾಪಸ್ ಹೋದರೂ. ನಗದು ಎಲ್ಲಿಂದ? 401(ಕೆ) (ಕೆಲಸದ ಮೂಲಕ ಕೂಡಿಡುವ ನಿವೃತ್ತಿ ಹಣ) ಮುರಿಯಿರಿ ಅಂದರೆ ಒಪ್ಪಬೇಡಿ. ಆ ಹಣಕ್ಕೆ ಸಾಲಗಾರರು ಕೈಹಾಕದಂತೆ ಫೆಡರಲ್ ಕಾನೂನಿನ ಕಾವಲಿದೆ, ಬೇಗ ತೆಗೆದರೆ ದಂಡ ಬೇರೆ. ಕೆಲವು ಸಲ ಮನೆ ಕೊಳ್ಳುವವರೇ, ಬೇಗ ಮುಗಿಯಲಿ ಅಂತ, ಸ್ವಲ್ಪ ಹಾಕುತ್ತಾರೆ. ಅದು ತಪ್ಪಲ್ಲ, ಆದರೆ ಪ್ರತಿ ಡಾಲರ್ ಕೂಡ ಸೆಟಲ್‌ಮೆಂಟ್ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು, ಎಲ್ಲ ಸಾಲದಾತರಿಗೂ ಗೊತ್ತಿರಬೇಕು. ಮೇಜಿನ ಕೆಳಗಿನ ಕೊಡು ಕೊಳ್ಳು ಫ್ರಾಡ್. ಹಾಗೇ ಭಾವಮೈದುನನ ಹೆಸರಿನಲ್ಲಿ ಕೊಳ್ಳುವ ಜಾಣತನವೂ ಬೇಡ. ಮಾರುವವರಿಗೂ ಕೊಳ್ಳುವವರಿಗೂ ಸಂಬಂಧವಿಲ್ಲ ಅಂತ ಅಫಿಡವಿಟ್‌ಗೆ ನೀವೇ ಸಹಿ ಹಾಕಿರುತ್ತೀರಿ.

ಎರಡನೇ ಸಾಲದವರು

ಪಿಎಂಐ ತಪ್ಪಿಸಲೆಂದೇ ಕೆಲವರು 80 ಪರ್ಸೆಂಟ್ ಒಂದು ಸಾಲ, ಹತ್ತು ಇಪ್ಪತ್ತು ಪರ್ಸೆಂಟ್ ಇನ್ನೊಂದು ಸಾಲ ಮಾಡಿರುತ್ತಾರೆ. ಇನ್ನು ಕೆಲವರು ಹೆಲಾಕ್ (ಮನೆಯ ಮೇಲೆ ಬೇಕಾದಾಗ ತೆಗೆಯುವ ಸಾಲ) ತೆಗೆದಿರುತ್ತಾರೆ. ಹರಾಜಾದರೆ ಇವರಿಗೆ ಸಿಗುವುದು ಹೆಚ್ಚಾಗಿ ಸೊನ್ನೆ, ಆದರೂ ಇವರ ಸಹಿ ಇಲ್ಲದೆ ಮಾರಾಟ ಆಗುವುದಿಲ್ಲ. ಮೊದಲ ಸಾಲದವರು ಇವರಿಗೆ ಮಾರಾಟದ ಹಣದಿಂದ ಎಷ್ಟು ಬಿಡಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಫ್ಯಾನಿ, ಫ್ರೆಡ್ಡಿ 2012ರ ನಿಯಮದಲ್ಲಿ ಅದನ್ನು 6,000 ಡಾಲರ್‌ಗೆ ಕಟ್ಟಿಹಾಕಿದವು. ಎರಡನೆಯವರ ಜೊತೆ ಮಾತನ್ನು ಮೊದಲ ದಿನವೇ ಶುರು ಮಾಡಿ, ಕೊನೆಗಿಡಬೇಡಿ. "ಲೀನ್ ಬಿಡುತ್ತೇವೆ" ಅಂದರೆ ಮನೆ ಮೇಲಿನ ಹಕ್ಕು ಬಿಟ್ಟರು ಅಷ್ಟೇ, ಸಾಲ ಬಿಡಲಿಲ್ಲ. "ಸಾಲ ತೀರಿದೆ" ಅನ್ನುವ ಮಾತು ಬೇಕು.

ಫೋನು, ಡೈರಿ, ಮಧ್ಯವರ್ತಿ

ವಾರಕ್ಕೆ ಒಂದು ಸಲ, ಅದೇ ದಿನ, ಫೋನ್ ಮಾಡಿ. ತಾರೀಖು, ಹೊತ್ತು, ಮಾತಾಡಿದವರ ಹೆಸರು ಮತ್ತು ಐಡಿ, ಏನಂದರು, ಬರೆದಿಡಿ. ನೆಗೋಷಿಯೇಟರ್ ಬದಲಾಗುತ್ತಲೇ ಇರುತ್ತಾರೆ, ಹೊಸಬರಿಗೆ ಹಳೆಯ ಮಾತು ಗೊತ್ತಿರುವುದಿಲ್ಲ. ಆಗ ನಿಮ್ಮ ಡೈರಿಯೇ ಫೈಲು. ಇನ್ಶೂರೆನ್ಸ್ ಕಂಪನಿ "ನಾವು ಸರ್ವಿಸರ್ ಜೊತೆ ಮಾತ್ರ ಮಾತಾಡುತ್ತೇವೆ" ಅನ್ನಬಹುದು. ಆಗ ಒಂದೇ ಕೇಳಿ: ಫೈಲು ನಿಮಗೆ ಬಂದಿದೆಯೇ, ಯಾವತ್ತು ಬಂತು? ಎಷ್ಟೋ ಸಲ ಸರ್ವಿಸರ್ "ಅವರ ಉತ್ತರಕ್ಕೆ ಕಾಯುತ್ತಿದ್ದೇವೆ" ಅನ್ನುತ್ತಿರುತ್ತಾರೆ, ಫೈಲು ಇನ್ನೂ ಹೋಗೇ ಇರುವುದಿಲ್ಲ.

"ನಿಮ್ಮ ಪರವಾಗಿ ಮಾತಾಡಿ ಸಾಲ ಬಿಡಿಸುತ್ತೇವೆ, ಮೊದಲು 3,000 ಕೊಡಿ" ಅನ್ನುವವರು ಬರುತ್ತಾರೆ. ಸಾಲದಾತರಿಂದ ಬರವಣಿಗೆಯಲ್ಲಿ ಆಫರ್ ತಂದು, ನೀವು ಅದನ್ನು ಒಪ್ಪುವವರೆಗೆ ಇಂಥವರು ಫೀಸ್ ತೆಗೆದುಕೊಳ್ಳುವುದನ್ನು ಫೆಡರಲ್ ನಿಯಮ ತಡೆಯುತ್ತದೆ (ವಕೀಲರಿಗೆ ಕೆಲವು ವಿನಾಯಿತಿ ಇದೆ). ಬಾಗಿಲು ಹಾಕಿಕೊಳ್ಳಿ. ಹಡ್ (ಅಮೆರಿಕ ಸರ್ಕಾರದ ವಸತಿ ಇಲಾಖೆ) ಮಾನ್ಯತೆಯ ಹೌಸಿಂಗ್ ಕೌನ್ಸೆಲರ್‌ಗಳು ಫೋರ್‌ಕ್ಲೋಷರ್ ಭಯದಲ್ಲಿರುವವರಿಗೆ ಪುಕ್ಕಟೆ ಸಲಹೆ ಕೊಡುತ್ತಾರೆ.

ಅಪ್ರೂವಲ್ ಲೆಟರ್ ಬಂದಾಗ

ಕುಣಿಯುವ ಮೊದಲು ಓದಿ, ವಕೀಲರಿಗೂ ಓದಿಸಿ. ಉಳಿದ ಬಾಕಿಯನ್ನು ಮನ್ನಾ ಮಾಡಿದ್ದೇವೆ, ಇನ್ನು ವಸೂಲಿ ಮಾಡುವುದಿಲ್ಲ ಅಂತ ಸ್ಪಷ್ಟವಾಗಿ ಇರಬೇಕು. "ವಸೂಲಿಯ ಹಕ್ಕನ್ನು ಉಳಿಸಿಕೊಂಡಿದ್ದೇವೆ" ಅಂತಿದ್ದರೆ ನೀವು ಮನೆ ಮಾರಿದಿರಿ, ಸಾಲ ಹಾಗೇ ಇದೆ. ಏನೂ ಹೇಳದೆ ಮೌನವಾಗಿದ್ದರೂ ಒಪ್ಪಬೇಡಿ.

ಬಹಳ ಜನ ತಪ್ಪುವ ಜಾಗ ಇದು: ಬ್ಯಾಂಕು ಮನ್ನಾ ಮಾಡಿದರೆ ಸಾಲದು. ಕ್ಲೇಮ್ ಕೊಟ್ಟ ಮೇಲೆ ಇನ್ಶೂರೆನ್ಸ್ ಕಂಪನಿ ಬ್ಯಾಂಕಿನ ಜಾಗದಲ್ಲಿ ನಿಂತು ನಿಮ್ಮಿಂದ ಆ ಹಣ ಕೇಳಲು ಬರಬಹುದು. ಹಾಗಾಗಿ ಇನ್ಶೂರೆನ್ಸ್ ಕಂಪನಿಯೂ ತನ್ನ ಹಕ್ಕು ಬಿಟ್ಟಿದೆ ಅನ್ನುವ ಸಾಲು ಅದೇ ಪತ್ರದಲ್ಲಿ ಅಥವಾ ಬೇರೆ ಪತ್ರದಲ್ಲಿ, ಕಂಪನಿಯ ಹೆಸರಿನ ಸಮೇತ ಇರಬೇಕು. ನನ್ನ 3,500ಕ್ಕೆ ನಾನು ಕೊಂಡಿದ್ದು ಆ ಒಂದು ಸಾಲನ್ನೇ.

ಪತ್ರಕ್ಕೆ ಗಡುವು ಇರುತ್ತದೆ, ಹೆಚ್ಚಾಗಿ ಒಂದೂವರೆ ತಿಂಗಳೊಳಗೆ. ದಾಟಿದರೆ ಬ್ಯಾಂಕಿನಿಂದ ಮಾತ್ರವಲ್ಲ, ಇನ್ಶೂರೆನ್ಸ್ ಕಂಪನಿಯಿಂದಲೂ ಹೊಸ ಒಪ್ಪಿಗೆ ಬೇಕಾಗಬಹುದು.

ಟ್ಯಾಕ್ಸ್, ಮತ್ತು ಊರಿಗೆ ಹೊರಟವರು

ಮನ್ನಾ ಆದ ಸಾಲವನ್ನು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ನಿಮ್ಮ ಆದಾಯ ಅಂತ ನೋಡುತ್ತದೆ. ಮುಂದಿನ ಜನವರಿಯಲ್ಲಿ ಎಷ್ಟು ಸಾಲ ಮನ್ನಾ ಆಯಿತು ಅಂತ ತೋರಿಸುವ 1099-ಸಿ ಫಾರ್ಮ್ ಬರುತ್ತದೆ. ವಾಸದ ಮನೆಯ ಸಾಲಕ್ಕೆ 2007ರ ಕಾನೂನು ಕೊಟ್ಟಿದ್ದ ರಿಯಾಯಿತಿಯಲ್ಲಿ ನಾನು ಪಾರಾದೆ. ಅದನ್ನು ಮತ್ತೆ ಮತ್ತೆ ಮುಂದುವರಿಸಿದರು, ಕೊನೆಯ ಸಲದ ಗಡುವು 2025ರ ಡಿಸೆಂಬರ್ 31. ಅದು ಸಿಗದವರಿಗೂ ಇನ್ನೊಂದು ದಾರಿ ಇದೆ: ಸಾಲ ಮನ್ನಾ ಆಗುವ ಹಿಂದಿನ ಕ್ಷಣದಲ್ಲಿ ನಿಮ್ಮ ಒಟ್ಟು ಸಾಲ ಒಟ್ಟು ಆಸ್ತಿಗಿಂತ ಎಷ್ಟು ಜಾಸ್ತಿ ಇತ್ತೋ ಅಷ್ಟರ ಮಟ್ಟಿಗೆ ಟ್ಯಾಕ್ಸ್ ಇಲ್ಲ. ಫಾರ್ಮ್ 982 ಹಾಕಬೇಕು. ಆಸ್ತಿಯ ಲೆಕ್ಕದಲ್ಲಿ 401(ಕೆ)ಯೂ ಊರಿನ ಸೈಟೂ ಸೇರುತ್ತದೆ, ಸಿಪಿಎ ಹತ್ತಿರ ಮುಚ್ಚಿಡಬೇಡಿ.

ಕ್ಲೋಸಿಂಗ್‌ಗೆ ಮೊದಲೇ ಊರಿಗೆ ಹೊರಟುಬಿಡುವವರು ಫಿರ್ಪ್ಟಾ ಅನ್ನುವ ಹೆಸರು ಕೇಳಿರಲಿ. ಟ್ಯಾಕ್ಸ್ ಲೆಕ್ಕದಲ್ಲಿ ನೀವು ವಿದೇಶಿಯರಾದ ಮೇಲೆ ಮನೆ ಮಾರಿದರೆ, ಕೊಳ್ಳುವವರು ಮಾರಾಟದ ಮೊತ್ತದ 15 ಪರ್ಸೆಂಟ್ ಹಿಡಿದು ಐಆರ್‌ಎಸ್‌ಗೆ ಕಟ್ಟಬೇಕು. ಅವರೇ ವಾಸಕ್ಕೆ ಕೊಳ್ಳುತ್ತಿದ್ದು ಬೆಲೆ 3,00,000 ಡಾಲರ್ ಒಳಗಿದ್ದರೆ ಬೇಡ. 10,00,000ದವರೆಗೆ ಇದ್ದರೆ 10 ಪರ್ಸೆಂಟ್. ಶಾರ್ಟ್ ಸೇಲ್‌ನಲ್ಲಿ ನಿಮ್ಮ ಕೈಗೆ ಬರುವುದೇ ಸೊನ್ನೆ, ಯಾವ ಬ್ಯಾಂಕೂ ತನ್ನ ನೆಟ್‌ನಿಂದ ಇದನ್ನು ಬಿಟ್ಟುಕೊಡುವುದಿಲ್ಲ, ಮಾರಾಟ ಅಲ್ಲೇ ನಿಲ್ಲುತ್ತದೆ. ಆದಷ್ಟು ಇಲ್ಲಿರುವಾಗಲೇ ಕ್ಲೋಸ್ ಮಾಡಿ. ಆಗದಿದ್ದರೆ ಫಾರ್ಮ್ 8288-ಬಿ ಹಾಕಿ ಕಡಿತಕ್ಕೆ ವಿನಾಯಿತಿ ಕೇಳಬಹುದು, ಮೂರು ತಿಂಗಳು ಕೈಯಲ್ಲಿಟ್ಟುಕೊಳ್ಳಿ. ಹೋಗುವ ಮೊದಲು ಟೈಟಲ್ ಕಂಪನಿ ಒಪ್ಪುವ ನಮೂನೆಯಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿಡಿ. ಇಲ್ಲದಿದ್ದರೆ ನೋಟರಿಗಾಗಿ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ಗೆ ಅಪಾಯಿಂಟ್‌ಮೆಂಟ್ ಹುಡುಕಿಕೊಂಡು ಹೋಗಬೇಕಾಗಬಹುದು.

ಮತ್ತೆ ಮನೆ ಕೊಳ್ಳಬಹುದಾ ಅಂತ ಕೇಳುತ್ತಾರೆ. ಫ್ಯಾನಿ ಮೇ ಲೆಕ್ಕದಲ್ಲಿ ಶಾರ್ಟ್ ಸೇಲ್ ಆದ ಮೇಲೆ ನಾಲ್ಕು ವರ್ಷ ಕಾಯಬೇಕು, ಫೋರ್‌ಕ್ಲೋಷರ್ ಆದರೆ ಏಳು.

ಅಪ್ರೂವಲ್ ಲೆಟರ್, ಇನ್ಶೂರೆನ್ಸ್ ಕಂಪನಿಯ ಪತ್ರ, ಕ್ಲೋಸಿಂಗ್ ಸ್ಟೇಟ್‌ಮೆಂಟ್, 1099-ಸಿ, ಫಾರ್ಮ್ 982, ಇವಿಷ್ಟನ್ನೂ ಒಂದು ಕವರಿನಲ್ಲಿ ಹಾಕಿ ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಇಡಿ. 2015ರಲ್ಲಿ ನನಗೆ ಒಂದು ಕಲೆಕ್ಷನ್ ಏಜೆನ್ಸಿಯಿಂದ ಕಾಗದ ಬಂತು, ಇಂತಿಷ್ಟು ಬಾಕಿ ಇದೆ ಕಟ್ಟಿ ಅಂತ. ಹಳೆಯ ಸಾಲಗಳನ್ನು ಗಂಟು ಕಟ್ಟಿ ಮಾರುವಾಗ ನನ್ನದೂ ಹೇಗೋ ಸೇರಿಕೊಂಡಿತ್ತು. ಎರಡು ಪತ್ರಗಳ ಜೆರಾಕ್ಸ್ ಮಾಡಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ. ಮತ್ತೆ ಅವರಿಂದ ಕಾಗದ ಬರಲಿಲ್ಲ.